ಕ್ಯಾಮೆರಾದ ಹಿಂದಿದ್ದವಳು

"ಇನ್ನೊಂದ್ ಸಲ ಹಾಕು," ಎಂದಳು ಅಮ್ಮ.

ಮಗಳು ಗುಂಡಿ ಒತ್ತಿದಳು. ಗೋಡೆಯ ಮೇಲೆ ಮತ್ತೆ ಅದೇ ಉದ್ದನೆಯ ಶೆಡ್ಡು, ಅದೇ ಎರಡು ಸಾಲು ಮಗ್ಗಗಳು, ತಲೆಗೆ ಬಟ್ಟೆ ಕಟ್ಟಿಕೊಂಡ ಅದೇ ಹೆಂಗಸರು. ಮೂವತ್ತಮೂರು ವರ್ಷಗಳ ಹಿಂದೆ ಮಿಲ್ಲಿನ ಮಾಲೀಕರು ಹೊರದೇಶದ ಗಿರಾಕಿಗಳಿಗೆ ತೋರಿಸಲೆಂದು ಯಾವುದೋ ಅಗ್ಗದ ಕ್ಯಾಮೆರಾದಲ್ಲಿ ತೆಗೆಸಿದ ಹತ್ತು ನಿಮಿಷದ ಫಿಲಂ ಅದು. ಬಣ್ಣವೂ ಇಲ್ಲ, ಸದ್ದೂ ಇಲ್ಲ. ಮಿಲ್ಲು ಮುಚ್ಚಿ ಹದಿನೆಂಟು ವರ್ಷವಾಗಿತ್ತು. ಅದರ ಅರ್ಧ ಭಾಗ ಫ್ಲ್ಯಾಟುಗಳಾಗಿ, ಇನ್ನಷ್ಟು ಅಂಗಡಿಗಳಾಗಿ, ಯಾರಿಗೂ ಬೇಡವಾಗಿ ಉಳಿದ ಒಂದೇ ಒಂದು ಶೆಡ್ಡು ಈಗ ಮ್ಯೂಸಿಯಂ ಆಗುತ್ತಿತ್ತು. ಅಲ್ಲಿನ ವಸ್ತುಗಳ ಪಟ್ಟಿ ಬರೆಯುವ ಕೆಲಸ ಮಗಳದು, ಎರಡು ವರ್ಷದ ಒಪ್ಪಂದದ ಮೇಲೆ. ಆ ಶೆಡ್ಡಿನಲ್ಲಿ ಹತ್ತೊಂಬತ್ತು ವರ್ಷ ನೇಯ್ದ ಅಮ್ಮನಿಗೆ ಉದ್ಘಾಟನೆಯ ದಿನ ಮಗ್ಗ ಓಡಿಸಿ ತೋರಿಸುವ ಕೆಲಸ.

ಅಮ್ಮನಿಂದ ಇನ್ನೊಂದು ಉಪಯೋಗವೂ ಇದೆಯೆಂದು ಮ್ಯೂಸಿಯಂನ ನಿರ್ದೇಶಕಿಗೆ ಹೊಳೆದದ್ದು ಹೋದ ವಾರ. ಮಗ್ಗಗಳ ಗದ್ದಲದಲ್ಲಿ ಪಕ್ಕದವಳು ಕಿರುಚಿದರೂ ಕೇಳಿಸುತ್ತಿರಲಿಲ್ಲ. ಹಾಗಾಗಿ ಶೆಡ್ಡಿನ ಹೆಂಗಸರು ದನಿಯನ್ನೇ ಬಿಟ್ಟುಕೊಟ್ಟು ಬರೀ ತುಟಿಯಲ್ಲಿ ಮಾತಾಡುತ್ತಿದ್ದರು, ತುಟಿ ನೋಡಿಯೇ ಉತ್ತರ ಕೊಡುತ್ತಿದ್ದರು. ಸದ್ದಿಲ್ಲದ ಫಿಲಂ ಅವರಿಗೆ ಸದ್ದಿಲ್ಲದ್ದಲ್ಲ.

"ಇವರು ಏನ್ ಹೇಳ್ತಿದ್ದಾರೆ?" ನಿರ್ದೇಶಕಿ ಗೋಡೆಯ ಮೇಲಿನ ದಪ್ಪ ಹೆಂಗಸನ್ನು ತೋರಿಸಿದರು.

"ಅದನ್ನ ಬರೀಬೇಡಿ ಮೇಡಂ."

"ಪರವಾಗಿಲ್ಲ, ಹೇಳಿ."

"ಕ್ಯಾಮೆರಾದವನ ಪ್ಯಾಂಟು ಹಿಂದ್ಗಡೆ ಹರಿದಿದೆ, ಯಾರಾದ್ರೂ ಹೊಲಿದು ಕೊಡ್ರೇ ಅಂತಿದ್ದಾಳೆ."

"ಅಯ್ಯೋ! ಪಕ್ಕದವರು?"

"ನಮ್ಮನೆಯವರದ್ದೂ ಅಲ್ಲೇ ಹರಿದಿದೆ, ಎರಡೂ ಒಟ್ಟಿಗೆ ಹೊಲಿ ಅಂದ್ಳು."

ನಿರ್ದೇಶಕಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಈ ಮಗ್ಗಗಳು ತಯಾರಾಗಿ ಬಂದ ದೂರದ ದೇಶದಲ್ಲೂ ಹೆಂಗಸರು ಹೀಗೇ ಮಾತಾಡುತ್ತಿದ್ದರಂತೆ, ಇದೊಂದು ದೊಡ್ಡ ಚರಿತ್ರೆ, ಇದನ್ನು ಯಾರೂ ಸರಿಯಾಗಿ ಬರೆದಿಟ್ಟಿಲ್ಲ ಎಂದರು.

"ಮಾತಾಡ್ದೆ ಏನ್ ಮಾಡ್ತಾರೆ?" ಎಂದಳು ಅಮ್ಮ. "ಮಗ್ಗ ಅಲ್ಲೂ ಇಷ್ಟೇ ಬಡ್ಕೋತಿತ್ತಲ್ಲ."

ಅಮ್ಮನ ಮುಖ ಅಷ್ಟು ಹಗುರಾದದ್ದನ್ನು ಮಗಳು ನೋಡಿ ಎಷ್ಟೋ ಕಾಲವಾಗಿತ್ತು. ತನ್ನ ವಯಸ್ಸಿನವರೆಲ್ಲ ಗೋಡೆಯ ಮೇಲೆ ಮತ್ತೆ ಹರೆಯದವರಾಗಿ ನಿಂತಿದ್ದನ್ನು ಕಂಡು ಕುರ್ಚಿಯ ತುದಿಗೆ ಜರುಗಿ ಕೂತಿದ್ದಳು. ಒಬ್ಬೊಬ್ಬರನ್ನೂ ಅಡ್ಡಹೆಸರಿನಿಂದ ಕರೆದು ಬೈದಳು, ಯಾರ ಹಲ್ಲು ಮೊದಲು ಬಿತ್ತೆಂದು ಹೇಳಿದಳು. ಮಗಳು ಅವಳ ಮಾತನ್ನೆಲ್ಲ ಕಂಪ್ಯೂಟರಿನಲ್ಲಿ ಅಡಿಬರಹಗಳಾಗಿ ಕೂರಿಸುತ್ತ ಹೋದಳು. ಏಳನೆಯ ನಿಮಿಷಕ್ಕೆ ಏನು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಮೂರು ವಾರದಿಂದ ಗೊತ್ತಿತ್ತು.

ಏಳನೆಯ ನಿಮಿಷದಲ್ಲಿ ಎತ್ತರದ ಹೆಂಗಸೊಬ್ಬಳು ಮಗ್ಗದ ಮೇಲಿನಿಂದ ತಲೆಯೆತ್ತಿದಳು. ಪಕ್ಕದ ಮಗ್ಗದ ಪುಟ್ಟ ಹೆಂಗಸಿನ ಕಡೆ ಬಾಗಿದಳು. ತುಟಿಗಳು ಅಲ್ಲಾಡಿದವು. ಆಮೇಲೆ ತಿರುಗಿ, ನೇರ ಕ್ಯಾಮೆರಾದ ಕಡೆ ನೋಡಿ ನಕ್ಕಳು. ಆ ನಗೆಯೇ ಈಗ ಮ್ಯೂಸಿಯಂನ ಪೋಸ್ಟರು. ಬಸ್ ನಿಲ್ದಾಣದಲ್ಲೂ ಮುಖ್ಯ ರಸ್ತೆಯ ತಿರುವಿನಲ್ಲೂ ಆಳೆತ್ತರಕ್ಕೆ ಅಂಟಿಸಿದ್ದರು.

"ಇವರ ಬಗ್ಗೆ ಕೇಳೋಣ ಅಂತಲೇ ಕಾಯ್ತಿದ್ದೆ," ಎಂದರು ನಿರ್ದೇಶಕಿ. "ಯಾರಿವರು?"

"ನಮ್ಮಕ್ಕ."

"ಅಂದ್ರೆ ನಿನ್ನ ದೊಡ್ಡಮ್ಮ!" ನಿರ್ದೇಶಕಿ ಮಗಳ ಕಡೆ ತಿರುಗಿದರು. "ಮೂರು ವಾರದಿಂದ ಈ ಮುಖ ಇಟ್ಕೊಂಡು ಒದ್ದಾಡ್ತಿದ್ದೀವಿ. ನೀನು ಒಂದ್ ಮಾತು ಹೇಳಲಿಲ್ಲವಲ್ಲೇ."

"ನೀವು ಕೇಳಲಿಲ್ಲ ಮೇಡಂ," ಎಂದಳು ಮಗಳು.

ಅಮ್ಮ ಇವರಿಬ್ಬರ ಮಾತು ಕೇಳುತ್ತಿರಲಿಲ್ಲ. ಇನ್ನೊಂದು ಸಲ ಎಂದಳು. ಮತ್ತೊಂದು ಸಲ ಎಂದಳು. ಕುರ್ಚಿಯ ತುದಿಯಿಂದ ನಿಧಾನಕ್ಕೆ ಹಿಂದೆ ಜರುಗಿ ಬೆನ್ನು ಆನಿಸಿ ಕೂತಳು. ಕೈಗಳು ಮಡಿಲಲ್ಲಿ ಒಂದನ್ನೊಂದು ಹಿಡಿದುಕೊಂಡವು.

"ಏನಂತಿದ್ದಾರೆ?"

"ಸೆಖೆ," ಎಂದಳು ಅಮ್ಮ. "ಸೆಖೆ ಜಾಸ್ತಿ ಆಯ್ತು, ಕಿಟಕಿ ತೆಗೆಸ್ಬೇಕು ಅಂತಿದ್ದಾಳೆ."

ಮಗಳ ಬೆರಳುಗಳು ಅದನ್ನು ಬರೆದವು. ದೊಡ್ಡಮ್ಮ ಹೇಳಿದ್ದು ಅದಲ್ಲ. ಮೂರು ವಾರದ ಹಿಂದೆ, ಡಬ್ಬಿಯಿಂದ ತೆಗೆದ ಫಿಲಂ ಮೊದಲ ಸಲ ಕಂಪ್ಯೂಟರಿಗೆ ಇಳಿದ ಮಧ್ಯಾಹ್ನ, ಮಗಳು ಒಬ್ಬಳೇ ಕೂತು ಆ ತುಟಿಗಳನ್ನು ಓದಿದ್ದಳು. ತಪ್ಪು ಓದಿರಬಹುದೆಂದು ಹದಿನಾಲ್ಕು ಸಲ ಹಿಂದಕ್ಕೆ ಓಡಿಸಿದ್ದಳು. ಹದಿನಾಲ್ಕು ಸಲವೂ ದೊಡ್ಡಮ್ಮ ಅದನ್ನೇ ಹೇಳಿದಳು:

"ನನ್ ತಂಗಿ ಮುಂದೆ ಬಾಯ್ ಬಿಡಬೇಡ. ಮೇಸ್ತ್ರಿಗೆ ಹೇಳ್ತಿರೋದು ಅವಳೇ. ಬಸುರಿ, ಏನ್ ಮಾಡ್ತಾಳೆ ಪಾಪ."

*

ಬಸ್ಸಿನಲ್ಲಿ ಅಮ್ಮ ಕಿಟಕಿಯ ಪಕ್ಕ ಕೂತಳು. ತಿರುವಿನಲ್ಲಿ ಪೋಸ್ಟರು ಬಂದಾಗ ಚೀಲದೊಳಗೆ ಏನನ್ನೋ ಹುಡುಕಿದಳು. ಪೋಸ್ಟರು ದಾಟಿದ ಮೇಲೆ ಹುಡುಕುವುದನ್ನು ನಿಲ್ಲಿಸಿದಳು.

ಅವರದು ಎರಡು ಕೋಣೆಯ ಮನೆ, ಮಿಲ್ಲಿನವರು ಕಟ್ಟಿಸಿದ ಉದ್ದನೆಯ ಸಾಲಿನಲ್ಲಿ ಕೊನೆಯದು. ಮಗ್ಗಗಳು ಅಮ್ಮನ ಕಿವಿಯನ್ನು ಅರ್ಧ ತಿಂದಿದ್ದವು. ಹಾಗಾಗಿ ಮನೆಯಲ್ಲೂ ತುಟಿಮಾತೇ ನಡೆಯುತ್ತಿತ್ತು. ಕೋಪ ಬಂದಾಗಲಂತೂ ದನಿಗೆ ಕೆಲಸವೇ ಇರುತ್ತಿರಲಿಲ್ಲ. ಅಮ್ಮ ಮಗಳು ಅಡುಗೆಮನೆಯ ಎರಡು ತುದಿಯಲ್ಲಿ ನಿಂತು ಗಂಟೆಗಟ್ಟಲೆ ಒಬ್ಬರನ್ನೊಬ್ಬರು ಹರಿದು ಹಾಕುತ್ತಿದ್ದರೂ, ಗೋಡೆಯಾಚೆಯವರು ಇದನ್ನು ಜಗಳವೇ ಇಲ್ಲದ ಮನೆಯೆಂದು ತಮ್ಮ ಸೊಸೆಗೆ ತೋರಿಸಿ ಹೇಳುತ್ತಿದ್ದರು. ಮಾತು ಸಾಕೆನಿಸಿದವರು ಬೆನ್ನು ತಿರುಗಿಸಿದರೆ ಆಯಿತು. ಬೆನ್ನಿನ ಜೊತೆ ಯಾರೂ ಜಗಳವಾಡಲಾರರು.

ಈ ಭಾಷೆಯನ್ನು ಮಗಳಿಗೆ ಕಲಿಸಿದವಳು ದೊಡ್ಡಮ್ಮ. ಮಗಳು ಹುಟ್ಟುವ ಮುಂಚೆಯೇ ದೊಡ್ಡಮ್ಮನನ್ನು ಮಿಲ್ಲಿನಿಂದ ತೆಗೆದುಹಾಕಿದ್ದರು. ಸಂಘ ಕಟ್ಟಲು ಹೊರಟ ಹನ್ನೊಂದು ಹೆಂಗಸರ ಪಟ್ಟಿಯನ್ನು ಒಂದು ಶುಕ್ರವಾರ ಬೆಳಿಗ್ಗೆ ಗೇಟಿಗೆ ಅಂಟಿಸಿದ್ದರಂತೆ. ಹೆಸರಿದ್ದವರನ್ನು ಒಳಗೆ ಬಿಡಲಿಲ್ಲ, ಊರಿನ ಬೇರೆ ಯಾವ ಮಿಲ್ಲೂ ಅವರನ್ನು ಸೇರಿಸಿಕೊಳ್ಳಲಿಲ್ಲ. ಮದುವೆಯಾಗದ ದೊಡ್ಡಮ್ಮ ತಂಗಿಯ ಮನೆಯಲ್ಲೇ ಉಳಿದಳು. ಅಮ್ಮ ಮಿಲ್ಲಿಗೆ ಹೋದರೆ ದೊಡ್ಡಮ್ಮ ಮಗು ನೋಡಿಕೊಂಡು, ಅಂಗಡಿಗಳಿಗೆ ಗುಂಡಿ ಹೊಲಿದುಕೊಟ್ಟು ಹನ್ನೊಂದು ವರ್ಷ ಕಳೆದಳು. ಎದೆಯಲ್ಲಿ ಹತ್ತಿಯ ಧೂಳು ಮೊದಲೇ ಕೂತಿತ್ತು. ಕೆಮ್ಮಿ ಕೆಮ್ಮಿ ಒಂದು ದಿನ ಸತ್ತಳು. ತೊಡೆಯ ಮೇಲೆ ಕೂತ ಮಗುವಿನ ಎದುರು ಬರೀ ತುಟಿಯಲ್ಲಿ ಹೇಳುತ್ತಿದ್ದ ಕಥೆಗಳಲ್ಲಿ ಒಂದರಲ್ಲೂ ಅವಳು ಮಿಲ್ಲಿನ ವಿಷಯ ತೆಗೆದವಳಲ್ಲ.

ಅಮ್ಮ ತರಕಾರಿ ಹೆಚ್ಚಲು ಕೂತಳು. ಮಗಳು ಎದುರು ಬಂದು ನಿಂತಳು.

"ಕಿಟಕಿ ಅನ್ನಲಿಲ್ಲ," ಎಂದಳು ತುಟಿಯಲ್ಲಿ.

ಅಮ್ಮ ಮಣೆ ಎತ್ತಿಕೊಂಡು ಗೋಡೆಯ ಕಡೆ ತಿರುಗಿ ಕೂತಳು. ಯಾವ ಜಗಳದಲ್ಲೂ ಆ ಬೆನ್ನನ್ನು ದಾಟಿ ಹೋಗದಿದ್ದ ಮಗಳು ಈ ಸಲ ಸುತ್ತಿ ಬಂದು, ಗೋಡೆಗೂ ಅಮ್ಮನಿಗೂ ನಡುವೆ ಇದ್ದ ಗೇಣಷ್ಟು ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತಳು.

"ನೀನೂ ಓದಿದ್ಯಾ?" ಅಮ್ಮ ಈಗ ದನಿ ತೆಗೆದು ಕೇಳಿದಳು. ಕಿವಿ ಮಂದವಾದವರ ದನಿ, ಬೇಕಾದ್ದಕ್ಕಿಂತ ದೊಡ್ಡದು. "ಓದಿ, ನನ್ನನ್ನ ಕರ್ಕೊಂಡು ಹೋಗಿ ಅಲ್ಲಿ ಕೂರಿಸಿದ್ಯಾ?"

"ಮೇಡಂ ಕರ್ಕೊಂಡ್ ಬಾ ಅಂದ್ರು."

"ಬಾಯಿ ಇರ್ಲಿಲ್ವಾ ನಿಂಗೆ? ಮನೇಲೇ ಹೇಳ್ಬೋದಿತ್ತಲ್ಲ, ಹಿಂಗಿದೆ ಕಣಮ್ಮ ಅಂತ."

ಇದ್ದ ಉತ್ತರವನ್ನು ಮಗಳು ಹೇಳುವಂತಿರಲಿಲ್ಲ. ಅಮ್ಮ ಏನು ಹೇಳುತ್ತಾಳೆಂದು ನೋಡಬೇಕೆಂದೇ ಅವಳು ಮೂರು ವಾರ ಬಾಯಿ ಮುಚ್ಚಿಕೊಂಡಿದ್ದಳು.

"ನಿಜಾನಾ?" ಎಂದು ಕೇಳಿದಳು.

ಅಮ್ಮ ಚಾಕುವಿನ ತುದಿಯಿಂದ ಮಣೆಯ ಮೇಲಿನ ಹಳೆಯ ಗೀರುಗಳನ್ನು ಕೆರೆದಳು.

"ಐದು ತಿಂಗಳು ದಾಟಿದ್ರೆ ಮನೆಗೆ ಕಳಿಸ್ತಿದ್ರು. ವಾಪಸ್ ತಗೋತಿರ್ಲಿಲ್ಲ. ನಿಮ್ಮಪ್ಪ ಆಗಲೇ ಹೋಗಿದ್ದ, ಎಲ್ಲಿಗೆ ಅಂತ ಯಾರಿಗೂ ಗೊತ್ತಿಲ್ಲ. ನಾನು ಹೊಟ್ಟೆ ಬಿಗಿದು ಕಟ್ಕೊಂಡು ಹೋಗ್ತಿದ್ದೆ. ಮೇಸ್ತ್ರಿ ಕಣ್ಣು ಹದ್ದಿನ ಕಣ್ಣು, ಕಂಡುಹಿಡಿದ. ಬೈಯ್ಲಿಲ್ಲ ಅವನು. ಕೂರಮ್ಮ ಅಂದ. ಸ್ಟೂಲು ಕೊಟ್ಟ." ಅಮ್ಮ ನಿಲ್ಲಿಸಿದಳು. "ಸ್ಟೂಲು ಕೊಟ್ಟಾಗಲೇ ಎದ್ದು ಬರ್ಬೇಕಿತ್ತು."

"ಏನ್ ಕೇಳಿದ?"

"ಅವನಿಗೆ ನಮ್ ತುಟಿಮಾತು ಬರ್ತಿರ್ಲಿಲ್ಲ ಕಣೇ. ಅದೇ ಅವನ ಹೊಟ್ಟೆಯುರಿ. ನೂರಾ ನಲವತ್ತು ಹೆಂಗಸರು ಅವನ ಮುಂದೇನೇ ಅವನ ಮೀಸೆ, ನಡಿಗೆ, ಅವನ ಹೆಂಡ್ತಿ ಬಗ್ಗೆ ಮಾತಾಡ್ಕೊಂಡು ನಗೋರು. ಅವನು ಮಧ್ಯದಲ್ಲಿ ಕುರುಡನ ಥರ ಓಡಾಡ್ತಿದ್ದ. ಸಂಘದ ಮಾತೂ ಹಂಗೇ, ಅವನ ಮೂಗಿನ ಕೆಳಗೇ ನಡೀತಿತ್ತು. ಅವನಿಗೆ ಒಂದ್ ಜೊತೆ ಕಣ್ಣು ಬೇಕಿತ್ತು, ಅಷ್ಟೇ."

ಹೊರಗೆ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು. ಅಮ್ಮನಿಗೆ ಅದು ಕೇಳಿಸಲಿಲ್ಲ.

"ಹತ್ತು ಹೆಸರು ಹೇಳ್ದೆ. ಅಕ್ಕನ ಹೆಸರು ಹೇಳ್ಲಿಲ್ಲ. ಅವನು ಬರ್ಕೊಂಡು, ಪೆನ್ನು ಮುಚ್ಚಿ, ನನ್ ಮುಖ ನೋಡ್ದ. 'ಇಷ್ಟೂ ಜನರ ಜೊತೆ ದಿನಾ ನಿಂತಿರೋಳು ನಿಮ್ಮಕ್ಕ. ಅವಳ ಹೆಸರು ಮಾತ್ರ ನಿನ್ ಬಾಯಲ್ಲಿ ಬರ್ಲಿಲ್ಲ' ಅಂದ. ಪೆನ್ನು ಮತ್ತೆ ತೆಗೆದ. ಅವಳದ್ದನ್ನೇ ಎಲ್ಲಕ್ಕಿಂತ ಮೇಲೆ ಬರೆದ." ಅಮ್ಮ ಚಾಕು ಕೆಳಗಿಟ್ಟಳು. "ಎಲ್ಲೋ ಮಧ್ಯದಲ್ಲಿ ಅವಳ ಹೆಸರೂ ಸೇರಿಸಿ ಹೇಳಿದ್ದಿದ್ರೆ, ಅವನು ನನ್ನ ನಂಬ್ತಿದ್ದ, ಅವಳೊಬ್ಬಳನ್ನ ಬಿಟ್ಬಿಡು ಅಂತ ನಾನು ಕಾಲಾದ್ರೂ ಹಿಡೀಬೋದಿತ್ತು."

"ಅವತ್ತು ಯಾವ ವಾರ?"

"ಸೋಮವಾರ. ಫಿಲಂನವರು ಬಂದಿದ್ದು ಮಂಗಳವಾರ. ಪಟ್ಟಿ ಅಂಟಿಸಿದ್ದು ಶುಕ್ರವಾರ."

ಮಗಳು ಲೆಕ್ಕ ಹಾಕುವ ಅಗತ್ಯವಿರಲಿಲ್ಲ. ಮಂಗಳವಾರವೇ ದೊಡ್ಡಮ್ಮನಿಗೆ ಗೊತ್ತಿತ್ತು.

"ಅವಳಿಗೆ ಗೊತ್ತಿಲ್ಲ ಅಂದ್ಕೊಂಡಿದ್ದೆ," ಎಂದಳು ಅಮ್ಮ. "ಅದೊಂದು ಗೊತ್ತಿಲ್ದೆ ಹೋದಳಲ್ಲ ಪುಣ್ಯಾತ್ಗಿತ್ತಿ, ಅಂತ ನೆಮ್ಮದಿ ಮಾಡ್ಕೊಂಡಿದ್ದೆ. ಅನ್ನ ಹಾಕಿದೀನಿ, ಔಷಧಿ ತಂದಿದೀನಿ, ತಲೆ ಬಾಚಿದೀನಿ. ಹನ್ನೊಂದು ವರ್ಷ ಎದುರಾಎದುರು ಕೂತು ಉಂಡ್ವಿ ಕಣೇ. ಒಂದ್ ದಿನ, ಒಂದೇ ಒಂದ್ ದಿನ ಬಾಯ್ಬಿಟ್ಟು 'ಥೂ' ಅಂದಿದ್ರೆ ಆಗ್ತಿರ್ಲಿಲ್ವಾ ಅವಳಿಗೆ?"

"ಕೊನೇ ದಿನ ಏನೋ ಹೇಳಿದ್ಳು," ಎಂದಳು ಮಗಳು. ಅವಳಿಗೆ ನೆನಪಿತ್ತು. ಹನ್ನೊಂದು ವರ್ಷದ ಹುಡುಗಿ ಮಂಚದ ಕಾಲ ಬಳಿ ನಿಂತಿದ್ದಳು. ಉಸಿರು ಉಳಿಯದ ದೊಡ್ಡಮ್ಮ ತುಟಿ ಅಲ್ಲಾಡಿಸಿದ್ದಳು. ಬಾಗಿದ ಅಮ್ಮನ ಬೆನ್ನು ಅಡ್ಡ ಬಂದಿತ್ತು.

"ಹೇಳಿದ್ಳು."

"ಏನಂದ್ಳು?"

"ನೋಡ್ಲಿಲ್ಲ ನಾನು." ಅಮ್ಮ ಎದ್ದಳು. "ದಿಂಬು ಸರಿ ಮಾಡ್ತಾ ಇದ್ದೆ. ಮುಖ ಆ ಕಡೆ ಮಾಡ್ಕೊಂಡು."

ಒಲೆ ಹೊತ್ತಿಸಿ ಪಾತ್ರೆ ಇಟ್ಟ ಮೇಲೆ, ತಿರುಗದೆಯೇ ಕೇಳಿದಳು: "ಆ ತುಂಡೊಂದನ್ನ ತೆಗೆಸಿಬಿಡೋಕೆ ಆಗುತ್ತಾ ನಿನ್ನ ಕೈಲಿ?"

"ಯಾಕೆ ಅಂತ ಕೇಳ್ತಾರೆ."

"ಏನಾದ್ರೂ ಹೇಳು. ಓದಿದೋಳಲ್ವಾ ನೀನು. ಬರೋ ಜನಕ್ಕೆಲ್ಲ ನೀನು ಬರೆದಿದ್ದೇ ನಿಜ, ಅವರಿಗೆ ಕಿಟಕಿ ಅಂದ್ರೆ ಕಿಟಕಿ. ಆದ್ರೆ ನಮ್ಮವರೂ ಬರ್ತಾರೆ ಅವತ್ತು. ಗುಬ್ಬಿ ಬರ್ತಾಳೆ. ಎಂಟು ಜನ ಉಳಿದಿದ್ದೀವಿ ಒಟ್ಟು. ಅವರು ಅಡಿಬರಹ ನೋಡಲ್ಲ, ಬಾಯಿ ನೋಡ್ತಾರೆ." ಅಮ್ಮ ಸೌಟು ಹಿಡಿದು ತಿರುಗಿದಳು. "ಊರು ಏನ್ ಅಂದ್ಕೊಂಡ್ರೂ ನಂಗೇನಿಲ್ಲ. ಆ ಏಳು ಜನ ನೋಡ್ಬಾರ್ದು."

ಗುಬ್ಬಿಯೆಂದರೆ ಫಿಲಂನಲ್ಲಿ ಪಕ್ಕದ ಮಗ್ಗದಲ್ಲಿದ್ದ ಪುಟ್ಟ ಹೆಂಗಸು. ಹನ್ನೊಂದರಲ್ಲಿ ಅವಳೂ ಒಬ್ಬಳು. ದೊಡ್ಡಮ್ಮ ಆ ಮಾತು ಹೇಳಿದ್ದೇ ಅವಳಿಗೆ.

"ಗುಬ್ಬಿಗೆ ಆಗ್ಲೇ ಗೊತ್ತಲ್ಲಮ್ಮ," ಎಂದಳು ಮಗಳು.

ಅಮ್ಮ ಸೌಟನ್ನು ನೋಡುತ್ತ ನಿಂತಳು. ಅದು ಅವಳಿಗೆ ಆಗಷ್ಟೇ ಹೊಳೆದಂತಿತ್ತು.

*

ಮರುದಿನ ಮಗಳು ನಿರ್ದೇಶಕಿಯ ಕೋಣೆಯ ಹೊರಗೆ ಎರಡು ಸಲ ಓಡಾಡಿ, ಮೂರನೆಯ ಸಲ ಒಳಗೆ ಹೋದಳು. ರಾತ್ರಿಯಿಡೀ ಕೂಡಿಸಿಟ್ಟುಕೊಂಡ ವಾಕ್ಯ ಬಾಗಿಲು ದಾಟುವಷ್ಟರಲ್ಲಿ ಅರ್ಧವಾಗಿತ್ತು.

"ಏಳನೇ ನಿಮಿಷದ್ದು... ದೊಡ್ಡಮ್ಮಂದು... ಸ್ವಲ್ಪ ಮಸುಕಾಗಿದೆ ಮೇಡಂ. ಅದನ್ನ ಬಿಟ್ರೆ..."

"ಬಿಡೋದಾ? ಹುಚ್ಚಿ! ಇಡೀ ಪ್ರದರ್ಶನ ನಿಂತಿರೋದೇ ಆ ನಗೆ ಮೇಲೆ." ನಿರ್ದೇಶಕಿ ಕ್ಷಣ ಯೋಚಿಸಿದರು. ಅವರು ಕೆಟ್ಟವರಲ್ಲ, ತಮ್ಮ ಕೈಕೆಳಗಿನವರ ಮಾತಿಗೆ ಬೆಲೆ ಕೊಡುವವರು. "ಆದ್ರೆ ನೀನು ಹೇಳಿದ್ದು ಸರಿ. ಮಸುಕಾಗಿದೆ. ಒಂದ್ ಕೆಲಸ ಮಾಡೋಣ. ಅದೊಂದು ತುಣುಕನ್ನ ಬೇರೆ ಮಾಡಿ ಲ್ಯಾಬಿಗೆ ಕಳಿಸಿ ಚೊಕ್ಕ ಮಾಡಿಸು. ಮಗ್ಗದ ಹಿಂದಿನ ದೊಡ್ಡ ಗೋಡೆ ಇದೆಯಲ್ಲ, ಅಲ್ಲಿ ಅದೊಂದೇ ಮತ್ತೆ ಮತ್ತೆ ಬರ್ತಾ ಇರಲಿ. ಅಕ್ಕ ಗೋಡೆ ಮೇಲೆ, ತಂಗಿ ಮಗ್ಗದ ಮೇಲೆ. ನಿಮ್ಮಮ್ಮನಿಗೂ ಸಂತೋಷ ಆಗುತ್ತೆ, ಅಲ್ವಾ?"

ಹೇಳಬೇಕಾದ್ದನ್ನು ಹೇಳಲು ಆಗ ಒಂದು ಜಾಗವಿತ್ತು. ನಿರ್ದೇಶಕಿ ನಗುತ್ತ ಅವಳ ಉತ್ತರಕ್ಕೆ ಕಾಯುತ್ತಿದ್ದರು. ಮಗಳು ಮೇಜಿನ ಮೇಲಿನ ಅಂಟಿನ ಬಾಟಲಿಯ ಮುಚ್ಚಳವನ್ನು ನೋಡಿದಳು.

"ಹೌದು ಮೇಡಂ," ಎಂದಳು.

ಲ್ಯಾಬಿನಿಂದ ವಾಪಸು ಬಂದ ತುಣುಕಿನಲ್ಲಿ ದೊಡ್ಡಮ್ಮನ ಮುಂದಿನ ಹಲ್ಲು ಒಡೆದಿದ್ದದ್ದೂ ಕಾಣುತ್ತಿತ್ತು.

ಆ ವಾರ ಅಮ್ಮ ದಿನಾ ಬಂದು ಮಗ್ಗ ಪಳಗಿಸಿದಳು. ಗೋಡೆಗೆ ಇನ್ನೂ ಏನೂ ಹಾಕಿರಲಿಲ್ಲ. ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯ ಕಣ್ಣಿನೊಳಗಿಂದ ನೂಲನ್ನು ಹೊರತರಲು ಅವಳು ಹಳೆಯ ರೂಢಿಯಂತೆ ಲಾಳಿಗೆ ಬಾಯಿಟ್ಟು ಹೀರಿದಾಗ ಸುರಕ್ಷತೆಯ ಅಧಿಕಾರಿ ಓಡಿಬಂದ. ಹಾಗೆಲ್ಲ ಬಾಯಿ ಹಾಕುವಂತಿಲ್ಲ, ರೋಗ ಬರುತ್ತದೆ ಎಂದು ಒಂದು ತಂತಿಯ ಕೊಕ್ಕೆ ಕೊಟ್ಟ.

"ಬರೋ ರೋಗ ಎಲ್ಲ ಬಂದು ಹೋಯ್ತಪ್ಪ," ಎಂದಳು ಅಮ್ಮ. ಆದರೂ ಕೊಕ್ಕೆಯನ್ನೇ ಬಳಸಿದಳು. ಹಳೆಯ ಮೇಲ್ವಿಚಾರಕರ ಫೋಟೋಗಳ ಸಾಲಿನಲ್ಲಿ ಮೇಸ್ತ್ರಿಯದೂ ಇತ್ತು. ಅವನು ಸತ್ತು ಎಷ್ಟೋ ವರ್ಷವಾಗಿತ್ತು. ಅಮ್ಮ ಮಧ್ಯಾಹ್ನ ಊಟಕ್ಕೆ ಕೂರುವಾಗ ಅವನಿಗೆ ಬೆನ್ನು ಕೊಟ್ಟು ಕೂರುತ್ತಿದ್ದಳು.

"ತೆಗೆಸಿದ್ಯಾ?" ಎಂದು ಒಂದು ದಿನ ಕೇಳಿದಳು.

"ಹೇಳಿದೀನಿ," ಎಂದಳು ಮಗಳು.

*

ಉದ್ಘಾಟನೆಯ ಬೆಳಿಗ್ಗೆ ಶೆಡ್ಡಿನ ತುಂಬ ಕುರ್ಚಿಗಳು. ದೊಡ್ಡ ದೊಡ್ಡ ಕಂಪನಿಯವರು, ಪತ್ರಿಕೆಯವರು, ಮಿಲ್ಲಿನ ಜಾಗದ ಫ್ಲ್ಯಾಟುಗಳಲ್ಲಿ ವಾಸವಿದ್ದು ತಾವು ಯಾವುದರ ಮೇಲೆ ಮಲಗುತ್ತೇವೆಂದು ತಿಳಿಯಲು ಬಂದವರು. ಏಳು ಜನ ಮುದುಕಿಯರನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಎದೆಗೆ ಒಂದೊಂದು ಬಟ್ಟೆಯ ಹೂವು ಚುಚ್ಚಿದ್ದರು. ಅವರು ಯಾರ ಮೊಣಕಾಲು ಹೆಚ್ಚು ಕೆಟ್ಟಿದೆಯೆಂಬ ವಿಷಯದಲ್ಲಿ ಆಗಲೇ ತುಟಿಯಲ್ಲೇ ಜಗಳ ಶುರು ಮಾಡಿದ್ದರು. ಗುಬ್ಬಿ ಅಂಚಿನ ಕುರ್ಚಿಯಲ್ಲಿದ್ದಳು. ಅವಳ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ.

ಅತಿಥಿಗಳು ದುಡಿಮೆಯ ಬಗ್ಗೆ, ಯಂತ್ರಗಳ ಬಗ್ಗೆ, ಇಲ್ಲಿ ನೇಯ್ದ ಬಟ್ಟೆ ಯಾವ ಯಾವ ಸಮುದ್ರ ದಾಟಿತೆಂಬುದರ ಬಗ್ಗೆ ಮಾತಾಡಿದರು. ಅಮ್ಮ ಮಗ್ಗದ ಪಕ್ಕ ಹೊಸ ಬಟ್ಟೆ ತೊಟ್ಟು ನಿಂತಿದ್ದಳು. ಅವಳ ಬೆನ್ನ ಹಿಂದಿನ ಗೋಡೆಗೆ ಪರದೆ ಹಾಕಿದ್ದರು. ಅತಿಥಿಗಳು ಹಗ್ಗ ಎಳೆದರು. ಪರದೆ ಸರಿಯಿತು. ಅದೇ ಕ್ಷಣ ಅಮ್ಮ, ಹೇಳಿಕೊಟ್ಟಿದ್ದಂತೆ, ಮಗ್ಗದ ಹಿಡಿ ಎಳೆದಳು.

ಸದ್ದು ಶೆಡ್ಡನ್ನು ತುಂಬಿತು. ಒಂದೇ ಮಗ್ಗ, ಆದರೂ ಹಿಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು, ಒಂದು ಮಗು ಬಾಯಿ ತೆರೆದು ಅತ್ತಿತು, ಅಳು ಯಾರಿಗೂ ಕೇಳಿಸಲಿಲ್ಲ. ಗೋಡೆಯ ಮೇಲೆ ಎರಡಾಳೆತ್ತರದ ದೊಡ್ಡಮ್ಮ ತಲೆಯೆತ್ತಿದಳು, ಗುಬ್ಬಿಯ ಕಡೆ ಬಾಗಿದಳು, ಹೇಳಿದಳು, ತಿರುಗಿ ನಕ್ಕಳು. ಕೆಳಗೆ ಬಿಳಿಯ ಅಕ್ಷರಗಳಲ್ಲಿ: ಸೆಖೆ ಜಾಸ್ತಿ ಆಯ್ತು, ಕಿಟಕಿ ತೆಗೆಸ್ಬೇಕು. ಜನ ಅದನ್ನು ಓದಿ ಮುಗುಳ್ನಕ್ಕರು. ಹನ್ನೆರಡು ಸೆಕೆಂಡಿಗೆ ಅದು ಮತ್ತೆ ಮೊದಲಾಯಿತು.

ಅಮ್ಮ ತಿರುಗಿ ನೋಡಿರಲಿಲ್ಲ. ಎದುರಿನವರ ಮುಖಗಳನ್ನು ನೋಡಿದಳು.

ಮುದುಕಿಯರ ಜಗಳ ನಿಂತಿತ್ತು. ಏಳು ಮುಖಗಳೂ ಗೋಡೆಗೆ ಎತ್ತಿಕೊಂಡಿದ್ದವು. ಒಂದು ಸುತ್ತು ಮುಗಿಯಿತು. ಎರಡನೆಯದು. ದಪ್ಪ ಹೆಂಗಸು, ಪ್ಯಾಂಟಿನ ಮಾತಾಡಿದವಳು, ಎದೆಯ ಹೂವನ್ನು ಬಿಚ್ಚಲು ಹೋಗಿ ಪಿನ್ನು ಚುಚ್ಚಿಕೊಂಡಳು. ಇನ್ನೊಬ್ಬಳ ತುಟಿ "ಅವಳಾ?" ಎಂದಿತು. ಪಕ್ಕದವಳ ತುಟಿ "ನನ್ ಮಕ್ಳನ್ನ ಸ್ಕೂಲ್ ಬಿಡಿಸ್ದೆ ಆಗ" ಎಂದಿತು. ಯಾರೂ ಏಳಲಿಲ್ಲ, ಯಾರೂ ಕೂಗಲಿಲ್ಲ. ಅವರ ಕಣ್ಣುಗಳು ಒಂದೊಂದಾಗಿ ಗೋಡೆಯಿಂದ ಇಳಿದು ಅಮ್ಮನ ಮೇಲೆ ನಿಂತವು, ತುಟಿಗಳು ಅಲ್ಲಾಡತೊಡಗಿದವು. ಪತ್ರಿಕೆಯವನೊಬ್ಬ ಬಗ್ಗಿ ಅವರ ಫೋಟೋ ತೆಗೆದುಕೊಂಡ. ಹಳೆಯ ನೆನಪಿನಲ್ಲಿ ಮೈಮರೆತ ಕಾರ್ಮಿಕ ಮಹಿಳೆಯರು.

ಅಮ್ಮ ತಲೆ ತಗ್ಗಿಸಿ ನೂಲನ್ನೇ ನೋಡಿದಳು. ಬೆನ್ನು ತಿರುಗಿಸುವಂತಿರಲಿಲ್ಲ. ತಿರುಗಿಸಿದರೆ ಅಲ್ಲಿ ಅಕ್ಕ ಇದ್ದಳು.

ಗುಬ್ಬಿ ಕುರ್ಚಿಯಿಂದ ಜಾರಿ ಇಳಿದಳು. ಕುಂಟುತ್ತ, ಕಟ್ಟಿದ್ದ ಹಗ್ಗದ ಕೆಳಗೆ ನುಸುಳಿ ಮಗ್ಗದ ಹತ್ತಿರ ಹೋದಳು. ಸುರಕ್ಷತೆಯ ಅಧಿಕಾರಿ ಮುಂದೆ ಬಂದ. ನಿರ್ದೇಶಕಿ, ಎದೆಯ ಮೇಲೆ ಕೈ ಇಟ್ಟುಕೊಂಡೇ, ಬಿಡಿ ಎಂದು ಸನ್ನೆ ಮಾಡಿದರು. ಗುಬ್ಬಿ ಕೈ ಎತ್ತಿ ಅಮ್ಮನ ಗದ್ದದ ಕೆಳಗೆ ಎರಡು ಬೆರಳಿಟ್ಟು ಮುಖವನ್ನು ತನ್ನ ಕಡೆ ಎತ್ತಿದಳು.

ಮಗಳು ಇದ್ದದ್ದು ಗುಬ್ಬಿಯ ಹಿಂದೆ. ಅವಳಿಗೆ ಕಂಡದ್ದು ಒಂದು ಸಣ್ಣ ಬೆನ್ನು, ಮಾತಿನ ಜೊತೆ ಕುಣಿಯುವ ನರೆತ ಜಡೆ. ಗುಬ್ಬಿ ಬಹಳ ಹೊತ್ತು ಮಾತಾಡಿದಳು. ಅಮ್ಮನ ಕಣ್ಣು ಅವಳ ಬಾಯಿಯ ಮೇಲಿತ್ತು, ಅಲುಗದೆ. ದೊಡ್ಡಮ್ಮ ಗೋಡೆಯ ಮೇಲೆ ಮೂರು ಸಲ ಹೇಳಿದಳು, ಮೂರು ಸಲ ನಕ್ಕಳು. ಆಮೇಲೆ ಅಮ್ಮನ ತುಟಿಗಳು ತೆರೆದುಕೊಂಡವು. ಅದನ್ನು ಮಗಳು ಓದಿದಳು.

"ನನ್ನ ನೋಡ್ಕೊಂಡು ನಕ್ಳಲ್ಲೇ," ಎಂದಳು ಅಮ್ಮ. "ಕ್ಯಾಮೆರಾದವನ ಹಿಂದೆ ನಾನಿದ್ದೆ. ತಲೆ ಎತ್ತಿದಾಗ ಕಂಡಿದ್ದು ಬರೀ ನಗು."

ನರೆತ ಜಡೆ ಒಂದು ಸಲ ಅಲ್ಲಾಡಿತು.

"ಅಕ್ಕ ಸಾಯೋವಾಗ ಏನಂದ್ಳು ಅಂತ ನಿಂಗೇನಾದ್ರೂ ಗೊತ್ತಾ?"

ಗುಬ್ಬಿ ಬೆರಳು ತೆಗೆದಳು. ಉತ್ತರ ಕೊಟ್ಟಳೋ ಇಲ್ಲವೋ, ಬೆನ್ನಿನಿಂದ ತಿಳಿಯಲಿಲ್ಲ. ಮಗಳು ಪಕ್ಕಕ್ಕೆ ಓಡಿ ಬರುವಷ್ಟರಲ್ಲಿ ಅವಳು ಬಾಯಿ ಮುಚ್ಚಿ, ಕುಂಟುತ್ತ ತನ್ನ ಕುರ್ಚಿಯ ಕಡೆ ಹೊರಟಿದ್ದಳು. ಕುರ್ಚಿಯನ್ನೂ ದಾಟಿ ಬಾಗಿಲ ಕಡೆ ನಡೆದಳು. ಆರು ಜನ ಎದ್ದು ಅವಳ ಹಿಂದೆ ಹೋದರು. ಮೊಣಕಾಲು ಕೆಟ್ಟವರಿಗೆ ಮೆಟ್ಟಿಲು ಇಳಿಯಲು ಹೊತ್ತು ಹಿಡಿಯಿತು.

ನೂಲು ತುಂಡಾಯಿತು. ಮಗ್ಗ ತಾನಾಗಿ ನಿಂತಿತು. ಒಮ್ಮೆಲೇ ಕವಿದ ನಿಶ್ಶಬ್ದದಲ್ಲಿ ಮಗುವಿನ ಅಳು ಮಾತ್ರ ಕೇಳಿಸಿತು. ಇದೇ ಪ್ರದರ್ಶನದ ಕೊನೆಯೆಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಪರವಾಗಿಲ್ಲ, ಮುಗಿಯಿತು ಎಂದು ನಿರ್ದೇಶಕಿ ಸನ್ನೆ ಮಾಡಿದರು.

ಅಮ್ಮ ಲಾಳಿಯನ್ನು ಕೈಗೆತ್ತಿಕೊಂಡಳು. ತಂತಿಯ ಕೊಕ್ಕೆ ಪಕ್ಕದಲ್ಲೇ ತೂಗುತ್ತಿತ್ತು. ಅದನ್ನು ಮುಟ್ಟಲಿಲ್ಲ. ಲಾಳಿಯ ಕಣ್ಣಿಗೆ ತುಟಿಗಳನ್ನು ಒತ್ತಿ, ಮಗಳು ಏನನ್ನೂ ಓದಲಾಗದಂತೆ ಗಟ್ಟಿಯಾಗಿ ಒತ್ತಿ, ನೂಲಿನ ತುದಿ ಬಾಯಿಗೆ ಬರುವವರೆಗೂ ಉಸಿರು ಎಳೆದುಕೊಳ್ಳುತ್ತ ನಿಂತಳು.